ಪಕ್ಕದ ಪೋರ್ಷನ್ನಿನ ಕರೆಂಟು

ಚೆನ್ನೈಯಲ್ಲಿ ಬಾಡಿಗೆಗೆ ಸಿಗುವುದಕ್ಕೆ ಮನೆ ಎನ್ನುವುದು ಕಡಿಮೆ, ಪೋರ್ಷನ್ ಎನ್ನುತ್ತಾರೆ. ಒಂದು ಮನೆಗೆ ನಡುವೆ ಗೋಡೆ ಎಬ್ಬಿಸಿ ನಾಲ್ಕು ಮಾಡಿದರೆ ನಾಲ್ಕು ಪೋರ್ಷನ್. ಪ್ರತಿಯೊಂದಕ್ಕೂ ಒಂದು ಬಾಗಿಲು, ಒಂದು ಅಡಿಗೆಮನೆ, ಒಳಗಿರುವವರಿಗೆ ಇಡೀ ಮನೆ ತಮ್ಮದೇ ಎಂಬ ಭ್ರಮೆ. ವಡಪಳನಿಯಲ್ಲಿ ಮುರುಗನ ಗುಡಿಯ ಹಿಂದಿನ ಬೀದಿಯಲ್ಲಿ ಅಂಥ ಒಂದು ಪೋರ್ಷನ್ನಿನಲ್ಲಿ ನಾನು ಬೆಳೆದೆ. ಮಹಡಿಯ ಮೇಲೆ ಓನರ್ ಮಾಮಿ. ಮುಂದಿನ ಪೋರ್ಷನ್ನಿನಲ್ಲಿ ಸಿನಿಮಾದವರ ಉಡುಪು ನೋಡಿಕೊಳ್ಳುವ ಒಬ್ಬ ಕಾಸ್ಟ್ಯೂಮರ್. ಹಿಂದೆ ನಾವು.

ನನ್ನ ಅಮ್ಮನಿಗೆ ಈ ಗೋಡೆಗಳ ಮೇಲೆ ಎಳ್ಳಷ್ಟೂ ಗೌರವವಿರಲಿಲ್ಲ. ಅಡಿಗೆಮನೆಯಲ್ಲಿ ಒಂದು ಗುಂಡು ಬಲ್ಬು ಇತ್ತು. ಇಡೀ ಮನೆಗೆ ಒಂದೇ ವೈರಿನಿಂದ ಕರೆಂಟು ಬರುತ್ತಿದ್ದುದರಿಂದ, ಯಾರು ಏನು ಹಾಕಿದರೂ ಆ ಬಲ್ಬಿನ ಮುಖ ಬಾಡುತ್ತಿತ್ತು. ಒಮ್ಮೆಲೇ ಬಾಡಿ, ಹಾಗೆಯೇ ಅರ್ಧ ಗಂಟೆ ಸಪ್ಪಗೆ ಉರಿದರೆ ಮಾಮಿಯ ಗ್ರೈಂಡರ್. ಅಮ್ಮ ತಲೆ ಎತ್ತದೆ ಹೇಳುತ್ತಿದ್ದಳು, "ಮೇಲೆ ಉದ್ದು ಬಿತ್ತು. ನಾಳೆ ಇಡ್ಲಿ." ಒಂದು ನಿಮಿಷ ಬಾಡಿ, ಒಂದು ನಿಮಿಷ ಅರಳಿ, ಮತ್ತೆ ಬಾಡಿದರೆ ಕಾಸ್ಟ್ಯೂಮರನ ಅಯರ್ನ್ ಬಾಕ್ಸು. ಬೆಳಿಗ್ಗೆ ಐದಕ್ಕೇ ಬಲ್ಬು ಹಾಗೆ ಕಣ್ಣು ಮಿಟುಕಿಸಿದರೆ ಆತನಿಗೆ ಅವತ್ತು ಶೂಟಿಂಗ್ ಇದೆ ಎಂದು ಲೆಕ್ಕ.

ಮೂರು ದಿನ ಬಲ್ಬು ಮಿಟುಕದಿದ್ದರೆ ಅಮ್ಮ ನಾಲ್ಕನೆಯ ದಿನ ಸಾರಿಗೆ ಒಂದು ಹಿಡಿ ಬೇಳೆ ಹೆಚ್ಚು ಹಾಕುತ್ತಿದ್ದಳು. ಸಾರು ಜಾಸ್ತಿಯಾಗಿಬಿಟ್ಟಿತು, ಚೆಲ್ಲುವುದೇಕೆ ಎಂದು ಒಂದು ಪಾತ್ರೆ ಮುಂದಿನ ಬಾಗಿಲಿಗೆ ಹೋಗುತ್ತಿತ್ತು. ಆತನಿಗೆ ಕೆಲಸ ಸಿಕ್ಕಿಲ್ಲ ಎಂಬುದು ನಮಗೆ ಗೊತ್ತು ಎಂದು ಆತನಿಗೆ ಗೊತ್ತಾಗಬಾರದು. ಅಮ್ಮನ ಕಟ್ಟುನಿಟ್ಟಾದ ಕಾನೂನು ಅದೊಂದೇ. ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ, ತಿಳಿದದ್ದನ್ನು ಆಡಬಾರದು. ನಾನೊಮ್ಮೆ ಮಾಮಿಯ ಹತ್ತಿರ, ನಾಳೆ ನಿಮ್ಮಲ್ಲಿ ಇಡ್ಲಿ ಅಲ್ಲವೇ ಎಂದು ಕೇಳಿಬಿಟ್ಟು, ಒಳಗೆ ಬಂದ ಮೇಲೆ ಅಮ್ಮನಿಂದ ತೋಳಿಗೆ ಚಿವುಟಿಸಿಕೊಂಡದ್ದುಂಟು.

ಅಪ್ಪಯ್ಯ ಉಡುಪಿ ಕಡೆಯಿಂದ ಬಂದವರು, ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮುಖ್ಯ ಅಡಿಗೆಯವರು. ನನಗೆ ತಿಳುವಳಿಕೆ ಬಂದಾಗಿನಿಂದ ಅವರನ್ನು ಕಂಡದ್ದು ಒಲೆಯ ಮುಂದೆ ನಿಂತು, ಇಲ್ಲವೇ ಮಧ್ಯಾಹ್ನ ಮನೆಯ ಗೋಡೆಗೆ ಕಾಲು ಮೇಲೆ ಮಾಡಿ ಮಲಗಿ. ನಿಂತು ನಿಂತು ಅವರ ಮೀನಖಂಡದ ನರಗಳು ಹುರಿಹಗ್ಗದ ಹಾಗೆ ಉಬ್ಬಿದ್ದವು. ಸಂಜೆಯ ಹೊತ್ತಿಗೆ ಪಾದ ಚಪ್ಪಲಿಗೆ ಹೋಗುತ್ತಿರಲಿಲ್ಲ. ಇನ್ನು ನಿಲ್ಲುವ ಕೆಲಸ ಬೇಡ ಎಂದು ಡಾಕ್ಟರು ಹೇಳಿಯಾಗಿತ್ತು. ನಾನು ಓದು ಮುಗಿಸಿ ಗಿಂಡಿಯ ಕಂಪ್ಯೂಟರ್ ಕಂಪನಿಯೊಂದಕ್ಕೆ ಸೇರಿದ ದಿನ ಅಪ್ಪಯ್ಯ ಹೋಟೆಲಿನ ಧಣಿಗಳಿಗೆ ಒಂದು ಮಾತು ಹೇಳಿ ಬಂದರು. ಮಗಳಿಗೆ ಒಂದು ವರ್ಷದ ಪ್ರೊಬೇಷನ್, ಅದು ಮುಗಿದು ಕೆಲಸ ಖಾಯಂ ಆದ ಕಾಗದ ಕೈಗೆ ಬಂದ ಮರುದಿನ ನಾನು ಸೌಟು ಕೆಳಗಿಡುತ್ತೇನೆ ಎಂದು. ಆ ಕಾಗದಕ್ಕೆ ನಮ್ಮ ಮನೆಯಲ್ಲಿ ಮೂರು ಜನ ಕಾಯುತ್ತಿದ್ದೆವು, ಅಪ್ಪಯ್ಯನ ಎರಡು ಕಾಲು ಸೇರಿದರೆ ಐದು.

ಹೊಸ ಶತಮಾನಕ್ಕೆ ಐದಾರು ವರ್ಷ ತುಂಬಿದ್ದ ಕಾಲ ಅದು. ಕಂಪನಿ ಇದ್ದದ್ದು ಕೈಗಾರಿಕಾ ಎಸ್ಟೇಟಿನೊಳಗೆ, ಎರಡು ಲೇತ್ ಕಾರ್ಖಾನೆಗಳ ನಡುವೆ. ನಾವು ತಯಾರಿಸುತ್ತಿದ್ದದ್ದು ಒಂದೇ ದೊಡ್ಡ ಕಂಪ್ಯೂಟರನ್ನು ಹತ್ತು ಕಂಪ್ಯೂಟರುಗಳೆಂದು ನಂಬಿಸುವ ತಂತ್ರಾಂಶ. ಒಳಗಿರುವ ಪ್ರತಿಯೊಂದು ಕಂಪ್ಯೂಟರಿಗೂ ಇಡೀ ಯಂತ್ರ ತನ್ನದೇ ಎಂಬ ಭ್ರಮೆ. ಪಕ್ಕದಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದು ತಿಳಿಯಕೂಡದು. ಮೊದಲ ವಾರ ಮೇಡಂ ಇದನ್ನು ಬೋರ್ಡಿನ ಮೇಲೆ ಬಾಣ ಹಾಕಿ, ಚೌಕ ಹಾಕಿ ಒಂದು ಗಂಟೆ ವಿವರಿಸಿದರು. ನಮ್ಮ ಮ್ಯಾನೇಜರ್ ಅವರು, ತಮಿಳಿನವರು, ಫ್ಲಾಸ್ಕಿನ ಕಾಫಿ ಬಿಟ್ಟು ಬೇರೆ ಯಾವ ಚಟವೂ ಇಲ್ಲದವರು. ನಾನು ಪುಸ್ತಕದಲ್ಲಿ ಒಂದೇ ಪದ ಬರೆದುಕೊಂಡೆ. ಪೋರ್ಷನ್.

ನನ್ನ ಕೆಲಸ ಟೆಸ್ಟಿಂಗ್. ತಂತ್ರಾಂಶದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕಿ ದೋಷಗಳ ಪಟ್ಟಿಗೆ ಬರೆದು ಹಾಕುವುದು. ಪ್ರೊಬೇಷನ್ನಿನ ಎಂಟನೆಯ ತಿಂಗಳಲ್ಲಿ ತಂತ್ರಾಂಶದ ಒಂದು ಹೊಸ ಸೌಕರ್ಯ ಪರೀಕ್ಷೆಗೆಂದು ನನ್ನ ಕೈಗೆ ಬಂತು. ಕರೆಂಟು ಉಳಿಸುವುದು ಆಗ ದೊಡ್ಡ ಮಾತಾಗಿತ್ತು. ಹಾಗಾಗಿ ದೊಡ್ಡ ಯಂತ್ರ ಈ ಕ್ಷಣಕ್ಕೆ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂಬ ಅಂಕಿಯನ್ನು ಎಲ್ಲ ಪೋರ್ಷನ್ನುಗಳಿಗೂ ತೋರಿಸುವುದೆಂದು ತೀರ್ಮಾನವಾಗಿತ್ತು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಸಂಖ್ಯೆ, ಸೆಕೆಂಡಿಗೊಮ್ಮೆ ಬದಲಾಗುವುದು. ಅದು ಸರಿಯಾಗಿ ಕಾಣುತ್ತದೆಯೇ ಎಂದು ನಾನು ನೋಡಬೇಕಿತ್ತು.

ನೋಡಿದೆ. ಆಫೀಸಿನಲ್ಲಿ ನಾವೆಲ್ಲ ಕೆಲಸ ಮಾಡುತ್ತಿದ್ದದ್ದೂ ಅಂಥ ಒಂದೇ ದೊಡ್ಡ ಯಂತ್ರದ ಪೋರ್ಷನ್ನುಗಳಲ್ಲಿ. ನನ್ನ ಪೋರ್ಷನ್ನಿನಲ್ಲಿ ಏನೂ ಓಡುತ್ತಿರಲಿಲ್ಲ, ನಾನು ಮೊಸರನ್ನ ತಿನ್ನುತ್ತಿದ್ದೆ. ಆದರೂ ಅಂಕಿ ಜಿಗಿಯಿತು. ಜಿಗಿದು, ಮೇಲೆಯೇ ನಿಂತು, ಇಪ್ಪತ್ತು ನಿಮಿಷದ ಮೇಲೆ ದೊಪ್ಪನೆ ಬಿತ್ತು. ಬಿದ್ದ ಗಳಿಗೆಗೆ ಸರಿಯಾಗಿ ಪಕ್ಕದ ಸಾಲಿನಲ್ಲಿ ಕುಳಿತ ತಂಡದವರು ಮೈಮುರಿದು ಕಾಫಿಗೆ ಎದ್ದರು. ನನ್ನ ಕೈಯ ಚಮಚ ಅಲ್ಲೇ ನಿಂತಿತು. ಮೇಲೆ ಉದ್ದು ಬಿದ್ದಿತ್ತು.

ಆಮೇಲೆ ನಾನು ಕೆಟ್ಟುಹೋದೆ. ಒಂದೇ ವಾರದಲ್ಲಿ ಆ ಸಂಖ್ಯೆಯ ನಡೆನುಡಿಯೆಲ್ಲ ಬಾಯಿಪಾಠವಾಯಿತು. ತುಂಡು ತುಂಡಾಗಿ ಬರೆದ ಪ್ರೋಗ್ರಾಮನ್ನು ಒಟ್ಟುಗೂಡಿಸಿ ಓಡುವಂತೆ ಮಾಡುವುದಕ್ಕೆ ನಾವು ಬಿಲ್ಡ್ ಎನ್ನುತ್ತಿದ್ದೆವು. ಪಕ್ಕದ ತಂಡದ ಬಿಲ್ಡ್ ಗೆದ್ದರೆ ಅಂಕಿ ಇಪ್ಪತ್ತು ನಿಮಿಷ ಮೇಲಿರುತ್ತಿತ್ತು, ಸೋತರೆ ನಡುವಿನಲ್ಲೇ ಕುಸಿಯುತ್ತಿತ್ತು. ಇನ್ನೊಂದು ಬಗೆಯಿತ್ತು, ಸಣ್ಣಗೆ ಏರಿ ಸಣ್ಣಗೆ ಇಳಿಯುವ ಅಲೆ. ಅದೇನೆಂದು ತಿಳಿಯಲು ಎರಡು ದಿನ ಬೇಕಾಯಿತು. ಯಾರಾದರೂ ಹತ್ತು ನಿಮಿಷ ಕೀಲಿಮಣೆ ಮುಟ್ಟದಿದ್ದರೆ ಅವರ ಪೋರ್ಷನ್ನಿನ ಪರದೆಯ ಮೇಲೆ ಬಣ್ಣದ ಕೊಳವೆಗಳು ತಾವಾಗಿಯೇ ಬೆಳೆಯತೊಡಗುತ್ತಿದ್ದವು. ಸ್ಕ್ರೀನ್ ಸೇವರ್. ಆ ಕೊಳವೆಗಳನ್ನು ಬಿಡಿಸಲು ಯಂತ್ರ ಕರೆಂಟು ಎಳೆಯುತ್ತಿತ್ತು. ಅಲೆ ಬಂತೆಂದರೆ ಯಾರೋ ಜಾಗದಲ್ಲಿಲ್ಲ ಎಂದರ್ಥ.

ವಡಪಳನಿ ಗುಡಿಯ ಎದುರು ಗಿಳಿಶಾಸ್ತ್ರದವರು ಕೂರುತ್ತಾರೆ. ಗಿಳಿ ಪಂಜರದಿಂದ ಬಂದು ಒಂದು ಚೀಟಿ ಎತ್ತುತ್ತದೆ, ಅದರಲ್ಲಿ ನಿಮ್ಮ ಭವಿಷ್ಯ. ನಾನು ಆಫೀಸಿನಲ್ಲಿ ಅದನ್ನೇ ಶುರುಮಾಡಿದೆ. ಹಳೆಯ ವಿಸಿಟಿಂಗ್ ಕಾರ್ಡುಗಳ ಹಿಂಬದಿಗೆ ಬರೆದು, ಕಲೆಸಿ, ಕಣ್ಣು ಮುಚ್ಚಿ ಒಂದನ್ನು ಎತ್ತುವುದು. ಎತ್ತುವ ಚೀಟಿ ಯಾವುದೆಂದು ಮೊದಲೇ ಮಡಿಚಿ ಗುರುತು ಮಾಡಿರುತ್ತಿದ್ದೆ. "ಈ ದಿನ ಬಿಲ್ಡ್ ಸೋಲುವ ಯೋಗವಿದೆ" ಎಂದು ಚೀಟಿ ಬರುವುದು, ಐದು ನಿಮಿಷಕ್ಕೆ ಪಕ್ಕದ ಸಾಲಿನಿಂದ ತಲೆ ಚಚ್ಚಿಕೊಳ್ಳುವ ಸದ್ದು ಬರುವುದು. ಅವರು ತಮ್ಮ ಪರದೆ ನೋಡುವ ಮೊದಲೇ ಅಂಕಿ ನನಗೆ ಹೇಳಿರುತ್ತಿತ್ತಲ್ಲ. ನನಗೆ ಗಿಳಿ ಎಂದೇ ಹೆಸರು ಬಿತ್ತು. "ಎನ್ನ ಕಿಳಿ, ಇನ್ನೈಕ್ಕು ಎಪ್ಪಡಿ?" ಏನು ಗಿಳಿ, ಇವತ್ತು ಹೇಗೆ ಎಂದು ಕೇಳಿಕೊಂಡು ಸಂಜೆ ನಾಲ್ಕಕ್ಕೆ ಸಾಲು ನಿಲ್ಲುತ್ತಿದ್ದರು. ದಕ್ಷಿಣೆಗೆ ಬಾಳೆಕಾಯಿ ಬಜ್ಜಿ ತೆಗೆದುಕೊಳ್ಳುತ್ತಿದ್ದೆ. ಆ ನಾಲ್ಕು ತಿಂಗಳು ನನ್ನಷ್ಟು ಸುಖಿ ಗಿಂಡಿಯಲ್ಲಿ ಇನ್ನೊಬ್ಬರಿರಲಿಲ್ಲ, ತೂಕವೂ ಹೆಚ್ಚಿತು.

ನನ್ನ ಗಿಳಿಶಾಸ್ತ್ರಕ್ಕೆ ಎಲ್ಲರಿಗಿಂತ ದೊಡ್ಡ ಭಕ್ತರು ಪಕ್ಕದ ತಂಡದ ಹಿರಿಯರು. ಹಣೆ ತುಂಬ ವಿಭೂತಿ, ರಾಹುಕಾಲ ನೋಡದೆ ಒಂದು ಫೈಲನ್ನೂ ತೆರೆಯದ ಮನುಷ್ಯ. ಖಾಯಮ್ಮಿನ ಕಾಗದಕ್ಕೆ ಎರಡು ವಾರ ಉಳಿದಿದ್ದಾಗ ಒಂದು ದಿನ ಅವರು ಮೆಲ್ಲಗೆ ಬಂದು, ಸಂಜೆ ಕ್ಲೈಂಟಿಗೆ ತೋರಿಸುವುದಿದೆ, ಒಂದು ಚೀಟಿ ತೆಗೆ ಎಂದರು. ಬೆಳಗಿನಿಂದ ಅವರ ಬಿಲ್ಡ್ ಎರಡು ಸಲ ನಡುವಿನಲ್ಲೇ ಕುಸಿದದ್ದನ್ನು ನಾನು ನೋಡಿದ್ದೆ. ಅವರು ಅದನ್ನು ಮೇಡಂನಿಂದ ಬಚ್ಚಿಟ್ಟಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಗಿಳಿಯ ಹಾಗೆ ಕತ್ತು ಕೊಂಕಿಸಿ ಓದಿದೆ: "ಎರಡು ಸಲ ಬಿದ್ದವನು ಮೂರನೆಯ ಸಲ ಏಳುತ್ತಾನೆ."

ಅವರ ಮುಖದ ವಿಭೂತಿಗೂ ಮುಖಕ್ಕೂ ವ್ಯತ್ಯಾಸ ಕಾಣದಂತಾಯಿತು. ಗಿಳಿಗೆ ಭವಿಷ್ಯ ಗೊತ್ತಿದ್ದರೆ ಅವರು ಒಪ್ಪುತ್ತಿದ್ದರು. ಅವತ್ತಿನ ಬೆಳಗಿನ ಸಂಗತಿ ಗೊತ್ತಿದ್ದದ್ದು ಅವರಿಗೆ ಸಹಿಸಲಾಗಲಿಲ್ಲ. ನೇರವಾಗಿ ಮೇಡಂ ಹತ್ತಿರ ಹೋಗಿ, ಈ ಹುಡುಗಿ ನಮ್ಮ ಪೋರ್ಷನ್ನಿನೊಳಗೆ ನುಗ್ಗಿ ನೋಡುತ್ತಿದ್ದಾಳೆ ಎಂದು ದೂರು ಕೊಟ್ಟರು.

ನಮ್ಮ ಕಂಪನಿಯಲ್ಲಿ ಅದಕ್ಕಿಂತ ದೊಡ್ಡ ಪಾಪ ಇರಲಿಲ್ಲ. ಒಂದು ಪೋರ್ಷನ್ನಿನಿಂದ ಇನ್ನೊಂದಕ್ಕೆ ಇಣುಕಲಾಗದು ಎಂಬ ಒಂದೇ ಭರವಸೆಯನ್ನು ಮಾರಿ ನಾವೆಲ್ಲ ಊಟ ಮಾಡುತ್ತಿದ್ದೆವು. ಟೆಸ್ಟಿಂಗ್ ಹುಡುಗಿಯೇ ಕಳ್ಳಬಾಗಿಲು ಕೊರೆದಿದ್ದಾಳೆ ಎಂದಾದರೆ ಕಾಗದ ಬರುವ ಮಾತಿರಲಿ, ಅವತ್ತೇ ಗೇಟಿನ ಹೊರಗೆ. ಮೇಡಂ ನನ್ನನ್ನು ಕರೆದು ವಿಷಯ ಹೇಳಿದಾಗ ನನಗೆ ಕಂಡದ್ದು ಅಪ್ಪಯ್ಯನ ಕಾಲು. ನಾನು ಒಳಗೆ ಹೋಗಿಲ್ಲ, ಏನನ್ನೂ ಮುಟ್ಟಿಲ್ಲ, ಮೂಲೆಯ ಅಂಕಿಯನ್ನು ನೋಡಿದೆ ಅಷ್ಟೇ ಎಂದೆ. ಅವರು ನಂಬಲಿಲ್ಲ. ಒಂದು ಸಂಖ್ಯೆಯಿಂದ ಇಷ್ಟೆಲ್ಲ ತಿಳಿಯುವುದಾದರೆ ಶನಿವಾರ ಬಂದು ತೋರಿಸು ಎಂದರು.

ಶನಿವಾರ ಬೆಳಿಗ್ಗೆ ಆಫೀಸು ಖಾಲಿ. ದೊಡ್ಡ ಯಂತ್ರದಲ್ಲಿ ಎರಡೇ ಪೋರ್ಷನ್ ಉಳಿಸಿ ಮಿಕ್ಕವನ್ನೆಲ್ಲ ಆರಿಸಿದ್ದರು. ಒಂದು ನನ್ನದು, ಇನ್ನೊಂದು ವಿಭೂತಿ ಸಾರ್ ಅವರದು. ನನ್ನದಕ್ಕೆ ಆ ಅಂಕಿಯೊಂದನ್ನು ಬಿಟ್ಟು ಬೇರೆ ಎಲ್ಲ ದಾರಿಯನ್ನೂ ಮುಚ್ಚಿದ್ದರು. ಸಾರ್ ಇನ್ನೊಂದು ಕೋಣೆಯಲ್ಲಿ ಕುಳಿತು ತಮಗೆ ಬೇಕಾದ್ದನ್ನು ಮಾಡುವುದು, ಅದೇನೆಂದು ನಾನು ಇಲ್ಲಿಂದ ಹೇಳುವುದು. ಮೇಡಂ ನನ್ನ ಪಕ್ಕದಲ್ಲಿ ಕುಳಿತು ನಾನು ಹೇಳಿದ್ದನ್ನು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು.

ಅಂಕಿ ಜಿಗಿಯಿತು. ಬಿಲ್ಡ್ ಹಾಕಿದ್ದಾರೆ ಎಂದೆ. ಇಪ್ಪತ್ತು ನಿಮಿಷಕ್ಕೆ ಬಿತ್ತು. ಗೆದ್ದಿದೆ ಎಂದೆ. ಮೇಡಂ ಬರೆದುಕೊಂಡರು. ಆಮೇಲೆ ಅಂಕಿ ತಳಕ್ಕೆ ಬಂದು ಸುಮ್ಮನೆ ಬಿದ್ದುಕೊಂಡಿತು. ಐದು ನಿಮಿಷ ಆಯಿತು, ಎಂಟು ನಿಮಿಷ ಆಯಿತು. ಈಗ ಏನು ಮಾಡುತ್ತಿದ್ದಾರೆ ಎಂದು ಮೇಡಂ ಕೇಳಿದರು. ಏನೂ ಇಲ್ಲ, ನನ್ನನ್ನು ಸಿಕ್ಕಿಸಲು ಸುಮ್ಮನೆ ಕುಳಿತಿದ್ದಾರೆ ಎಂದೆ. ಅವರು ಅದನ್ನೂ ಬರೆದುಕೊಂಡು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಹತ್ತನೆಯ ನಿಮಿಷಕ್ಕೆ ಅಂಕಿ ಸಣ್ಣಗೆ ಏರಿತು, ಸಣ್ಣಗೆ ಇಳಿಯಿತು. ಅಲೆ.

ನನ್ನ ಹೆದರಿಕೆಯೆಲ್ಲ ಎಲ್ಲಿ ಹೋಯಿತೋ. "ಮೇಡಂ, ಸಾರ್ ಕುರ್ಚಿಯಲ್ಲೇ ಇಲ್ಲ. ಎದ್ದು ಹೋಗಿ ಹತ್ತು ನಿಮಿಷ ಆಯಿತು" ಎಂದೆ.

ಮೇಡಂ ಎದ್ದು ಪಕ್ಕದ ಕೋಣೆಗೆ ಹೋದರು. ಖಾಲಿ ಕುರ್ಚಿ, ಪರದೆಯ ತುಂಬ ಬಣ್ಣದ ಕೊಳವೆಗಳು. ಕಿಟಕಿಯಿಂದ ಬಗ್ಗಿ ನೋಡಿದರೆ ಸಾರ್ ಕೆಳಗೆ ಗೇಟಿನ ಹತ್ತಿರ ಬಂಡಿಯ ಮುಂದೆ ನಿಂತು ಬಜ್ಜಿಗೆ ಚಟ್ನಿ ಹಾಕಿಸಿಕೊಳ್ಳುತ್ತಿದ್ದರು. ಏನೂ ಮಾಡದಿದ್ದರೆ ಗಿಳಿಗೆ ಏನೂ ತಿಳಿಯದು ಎಂದು ಅವರು ನಂಬಿದ್ದರಂತೆ. ಮೇಡಂ ಜೋರಾಗಿ ನಕ್ಕರು, ಅವರು ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು. ವಾಪಸು ಬಂದು ನನ್ನ ಬೆನ್ನು ತಟ್ಟಿ, ನೀನು ಒಳಗೆ ನುಗ್ಗಿಲ್ಲ, ಒಪ್ಪಿದೆ ಎಂದರು. ನಾನು ಗೆದ್ದ ಹುಮ್ಮಸ್ಸಿನಲ್ಲಿ ಹಲ್ಲು ಕಿರಿಯುತ್ತಿದ್ದೆ.

ಅವರು ಕಾಫಿ ಬಗ್ಗಿಸುತ್ತ, ಬೇರೇನೋ ಕೇಳುವವರ ಹಾಗೆ ಕೇಳಿದರು. "ಇದು ನಿನಗೆ ಯಾವಾಗಿನಿಂದ ಗೊತ್ತು?"

"ನಾಲ್ಕು ತಿಂಗಳಿಂದ, ಮೇಡಂ" ಎಂದೆ, ಹೆಮ್ಮೆಯಿಂದ.

ಮಾತು ಬಾಯಿಂದ ಬಿದ್ದ ಮೇಲೆ ನನಗೆ ಅದರ ಅರ್ಥ ಹೊಳೆಯಿತು. ಮೇಡಂ ದೋಷಗಳ ಪಟ್ಟಿ ತೆರೆದು ನನ್ನ ಹೆಸರಿನ ಕೆಳಗೆ ಹುಡುಕಿದರು. ಆ ಅಂಕಿಯ ಬಗ್ಗೆ ನಾನು ಬರೆದು ಹಾಕಿದ್ದ ದೋಷ ಒಂದೇ. ವ್ಯಾಟ್ ಎಂಬುದಕ್ಕೆ ದೊಡ್ಡ ಅಕ್ಷರ ಹಾಕಬೇಕಾದಲ್ಲಿ ಚಿಕ್ಕ ಅಕ್ಷರ ಹಾಕಿದ್ದಾರೆ ಎಂದು. ಅದನ್ನು ಅವರು ಎರಡು ಸಲ ಓದಿದರು. ಅಷ್ಟರಲ್ಲಿ ಆ ಅಂಕಿಯನ್ನು ಹೊತ್ತ ತಂತ್ರಾಂಶ ಕ್ಲೈಂಟುಗಳ ಕೈಗೂ ಹೋಗಿ ಒಂದು ತಿಂಗಳಾಗಿತ್ತು. ಯಾವ ಊರಿನಲ್ಲಿ ಯಾರು ಪಕ್ಕದ ಪೋರ್ಷನ್ನಿನ ಬಲ್ಬು ನೋಡುತ್ತ ಕುಳಿತಿದ್ದರೋ. ತಿಳಿದದ್ದನ್ನು ಆಡಬಾರದು ಎಂಬ ಅಮ್ಮನ ಕಾನೂನನ್ನು ಮೇಡಂಗೆ ಹೇಗೆ ವಿವರಿಸುವುದು? ಗೊತ್ತಾದದ್ದನ್ನು ಹೇಳುವುದೇ ನನ್ನ ಸಂಬಳದ ಕೆಲಸವಾಗಿತ್ತು. ಆದರೆ ನಿಜ ಹೇಳಬೇಕೆಂದರೆ ಕಾನೂನು ಒಂದು ನೆಪ. ಹೇಳಿದ್ದರೆ ಅಂಕಿ ಹೋಗುತ್ತಿತ್ತು, ಗಿಳಿಶಾಸ್ತ್ರ ಹೋಗುತ್ತಿತ್ತು, ಬಜ್ಜಿ ಹೋಗುತ್ತಿತ್ತು.

ಮೇಡಂ ಬೈಯಲಿಲ್ಲ. ಕಾಗದ ಬರುವುದು ನಿಲ್ಲುವುದಿಲ್ಲ, ಪ್ರೊಬೇಷನ್ ಮೂರು ತಿಂಗಳು ಮುಂದೆ ಹೋಗುತ್ತದೆ ಎಂದು ಮಾತ್ರ ಹೇಳಿದರು. ಅವತ್ತೇ ಕುಳಿತು ದೋಷವನ್ನು ಉದ್ದಕ್ಕೂ ಬರೆದು ಹಾಕಿದೆ. ವಾರದೊಳಗೆ ಅಂಕಿ ಎಲ್ಲ ಪೋರ್ಷನ್ನುಗಳಿಂದ ಮಾಯವಾಯಿತು. ಅದು ಇದ್ದ ಮೂಲೆಯಲ್ಲಿ ಒಂದು ಖಾಲಿ ಚೌಕ ಉಳಿಯಿತು.

ಆ ಶನಿವಾರ ಮನೆಗೆ ಬಂದಾಗ ಅಪ್ಪಯ್ಯ ಗೋಡೆಗೆ ಕಾಲು ಮೇಲೆ ಮಾಡಿ ಮಲಗಿದ್ದರು. ನಾನು ಮನೆಯಲ್ಲಿ ಅರ್ಧ ತಮಿಳಿನಲ್ಲೇ ಉತ್ತರ ಕೊಡುವವಳು. ಅವತ್ತು ಮಾತ್ರ ಒಂದೊಂದೇ ಕನ್ನಡ ಶಬ್ದ ಹುಡುಕಿ, ಚೀಟಿಯಿಂದ ಹಿಡಿದು ಬಜ್ಜಿಯವರೆಗೆ ಎಲ್ಲವನ್ನೂ ಹೇಳಿದೆ. ಸಾರ್ ಚಟ್ನಿ ಹಾಕಿಸಿಕೊಂಡ ಕಡೆ ಅವರಿಗೆ ನಗು ಬಂತು. ಮುಗಿದ ಮೇಲೆ ಕೇಳಿದರು.

"ಮೊದಲೇ ಹೇಳ್ಬಹುದಿತ್ತಲ್ಲ ನೀನು?"

"ಹೇಳ್ಬಹುದಿತ್ತು ಅಪ್ಪಯ್ಯ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ಮಜಾ ಬರ್ತಿತ್ತು."

"ಸಾಂಬಾರ್ ಹಳಸಿದ್ದು ಗೊತ್ತಿದ್ದೂ ಬಡಿಸಿದ ಹಾಗಾಯ್ತಲ್ಲ ಮಗಾ" ಎಂದರು. ದನಿ ಏರಿರಲಿಲ್ಲ. ಅವರ ಅಡಿಗೆಮನೆಯಲ್ಲಿ ಅದಕ್ಕಿಂತ ಕೆಟ್ಟ ಮಾತು ಇಲ್ಲ ಎಂದು ನನಗೆ ಗೊತ್ತಿತ್ತು. ನಾನು ಅತ್ತೆ. ಅವರು ಎದ್ದು ಕುಳಿತು, ಮೂರು ತಿಂಗಳು ತಾನೇ, ಎಷ್ಟು ವರ್ಷ ನಿಂತಿಲ್ಲ ಎಂದು ಸಂಜೆಯ ಪಾಳಿಗೆ ಹೊರಟರು.

ಮೂರು ತಿಂಗಳು ನಾನು ಕಂಡದ್ದನ್ನೆಲ್ಲ ಬರೆದು ಹಾಕಿದೆ. ಮೇಡಂ ಅವರೇ ಇಷ್ಟು ಬೇಡ ಎನ್ನುವಷ್ಟು ಬರೆದೆ. ಕಾಫಿ ಯಂತ್ರದ ಮೇಲೂ ಒಂದು ದೋಷ ಹಾಕಿದೆ. ಅಪ್ಪಯ್ಯ ಬೆಳಗಿನ ಜಾವಕ್ಕೆ ಎದ್ದು ಹೋಗುತ್ತಿದ್ದರು. ಆ ದಿನಗಳಲ್ಲಿ ಅವರು ಮಧ್ಯಾಹ್ನ ಕಾಲು ಮೇಲೆ ಮಾಡಿ ಮಲಗುವುದನ್ನು ಬಿಟ್ಟು, ಪಂಚೆಯನ್ನು ಪಾದದವರೆಗೆ ಇಳಿಬಿಟ್ಟು ಕುರ್ಚಿಯಲ್ಲಿ ಕೂರತೊಡಗಿದ್ದರು. ಗಮನಿಸಿದ್ದೆ, ಕೇಳಿರಲಿಲ್ಲ. ನಮ್ಮ ಮನೆಯ ಮರ್ಯಾದೆ.

ಕಾಗದ ಬಂದ ದಿನ ಅಮ್ಮ ಪಾಯಸಕ್ಕೆ ಇಟ್ಟಿದ್ದಳು. ಅಪ್ಪಯ್ಯನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೂ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಮಡಿಚಿ ಜೇಬಿಗೆ ಇಟ್ಟುಕೊಂಡರು. ಆಮೇಲೆ ನನ್ನನ್ನು ರೇಗಿಸಲೆಂದು ಕೇಳಿದರು, "ಇನ್ನು ಗೊತ್ತಿದ್ದೂ ಹೇಳದೆ ಇಟ್ಟದ್ದು ಎಂತದೂ ಇಲ್ವಲ್ಲ?"

"ನಿಮ್ಮದು ಉಂಟಾ ಅಪ್ಪಯ್ಯ?" ಎಂದೆ.

ಅವರ ಬಲಗಾಲು ಮೆಲ್ಲಗೆ ಕುರ್ಚಿಯ ಕೆಳಗೆ ಸರಿಯಿತು. ನಾನು ನೆಲಕ್ಕೆ ಕುಳಿತು ಪಂಚೆಯ ಅಂಚು ಎತ್ತಿದೆ. ಹರಡಿನ ಮೇಲೆ ಹೋಟೆಲಿನ ಒರೆಸುವ ಬಟ್ಟೆಯ ಪಟ್ಟಿ ಬಿಗಿದಿತ್ತು, ಅದರ ಅಡಿಯಲ್ಲಿ ಅಂಗೈಯಗಲದ ಹುಣ್ಣು. ಎಷ್ಟು ದಿನ ಆಯಿತು ಎಂದು ಕೇಳಿದೆ. ಅವರು ತುಟಿಗೆ ಬೆರಳಿಟ್ಟು ಅಡಿಗೆಮನೆಯತ್ತ ಕಣ್ಣು ತೋರಿಸಿದರು, ಹೇಳಬೇಡ ಎಂಬಂತೆ.

ನಾನು ಅವರ ಪಾದ ಹಿಡಿದುಕೊಂಡೇ ಕೂಗಿದೆ. "ಅಮ್ಮಾ, ಒಲೆ ಆರಿಸಿ ಇಲ್ಲಿ ಬಾ. ಅಪ್ಪಯ್ಯನ ಕಾಲು ನೋಡು."